ಗಾಡಿ ಪಿಚ್ಚರಿನ ಕೊನೆಯ ದೃಶ್ಯ

ಸೆಪ್ಟೆಂಬರ್ 7, 2025, ಭಾನುವಾರ

ರಾಯಚೂರಿನಲ್ಲಿ ಬೆಳಗಿನ ಹತ್ತೂವರೆಯ ಆಟ. ಅವಧಿ ಮೂರು ಗಂಟೆ ನಾಲ್ಕು ನಿಮಿಷ. ಐದು ಭಾಷೆಗಳಲ್ಲಿ ಬಿಡುಗಡೆ. ನಾಯಕನ ಮುಖ ಕಂಡದ್ದು ಇಪ್ಪತ್ತೆರಡನೇ ನಿಮಿಷಕ್ಕೆ; ಅಲ್ಲಿಯವರೆಗೆ ಬರೀ ಬೂಟು, ಬೆನ್ನು, ಹೊಗೆ. ಆತ ನಿಧಾನಗತಿಯಲ್ಲಿ ನಡೆದು ಬಂದದ್ದು ಹದಿನಾಲ್ಕು ಸಲ. ನಾಯಕಿಗೆ ಮಾತಿದ್ದದ್ದು ಐದು ದೃಶ್ಯಗಳಲ್ಲಿ. ಕೊನೆಗೆ ಒಂದು ಅಣೆಕಟ್ಟು ಒಡೆಯಿತು. ಅದರ ಕೆಳಗೆ ಯಾವ ಊರಿತ್ತು, ಆ ಊರಿನವರು ಏನಾದರು ಎಂದು ಚಿತ್ರದಲ್ಲಿ ಒಬ್ಬರೂ ಕೇಳಲಿಲ್ಲ. ಎರಡನೇ ಭಾಗ ಬರುತ್ತದೆ ಎಂದು ತೋರಿಸಿ ದೀಪ ಹಾಕಿದರು.

ನನ್ನ ಪುಸ್ತಕದಲ್ಲಿ ಇದು 1,142ನೆಯ ಚಿತ್ರ. ಎಂಟನೇ ತರಗತಿಯಿಂದ ನೋಡಿದ ಪ್ರತಿಯೊಂದನ್ನೂ ಬರೆದಿಟ್ಟಿದ್ದೇನೆ: ಹೆಸರು, ಊರು, ಯಾವ ಆಟ, ಒಂದು ಸಾಲಿನ ಅಭಿಪ್ರಾಯ. ಕಳೆದ ಎರಡು ವರ್ಷಗಳ ಅಭಿಪ್ರಾಯಗಳನ್ನು ತಿರುವಿ ಹಾಕಿದೆ. 'ಸದ್ದು' ಎಂಬ ಪದ ಹತ್ತೊಂಬತ್ತು ಕಡೆ ಇದೆ.

ಮಧ್ಯಾಹ್ನ ಮಾನ್ವಿಗೆ ಹೋದೆ. ಅವ್ವ ಅಕ್ಕ ಸುಜಾತಾಳ ಮನೆಯಲ್ಲಿದ್ದಾಳೆ. ಲಕ್ವಾ ಹೊಡೆದು ಇಂದಿಗೆ ಇಪ್ಪತ್ತಾರು ದಿನ. ಬಲಗೈಯಲ್ಲಿ ಸ್ವಲ್ಪ ಚಲನೆ ಬಂದಿದೆ. ಊಟ ಪರವಾಗಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಆದರೆ ಉತ್ತರ ಬಾಯಿಗೆ ಬರುವುದಿಲ್ಲ. ರಾಯಚೂರಿನಲ್ಲಿ ಮಾತಿನ ತರಬೇತಿ ಕೊಡುವ ಉಮಾದೇವಿಯವರು, ಮೊದಲ ಆರು ತಿಂಗಳು ಬಹಳ ಮುಖ್ಯ, ಅಷ್ಟರಲ್ಲಿ ಎಷ್ಟು ಮರಳುತ್ತದೋ ನೋಡಬೇಕು ಎಂದಿದ್ದಾರೆ. ಅವ್ವ ಎಷ್ಟು ಪದ ಆಡಿದಳು ಎಂದು ಬರೆದಿಡಲು ನನಗೆ ಹೇಳಿದ್ದಾರೆ.

ಅವ್ವನ ಪದ: ಎರಡು. ಹ್ಞೂಂ. ಬ್ಯಾಡ.

ಸೆಪ್ಟೆಂಬರ್ 10, ಬುಧವಾರ

ದೇವದುರ್ಗ. ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಕಡಿಮೆ ಇತ್ತು. ಪತ್ರಿಕೆಯ ವಾಚಕರ ವಾಣಿಗೆ ಪತ್ರ ಬರೆದೆ. ಒಟ್ಟು ಸಾರಾಂಶ: ನೂರಾರು ಕೋಟಿ ಹಾಕಿ ತೆಗೆಯುವ ಇಂದಿನ ಚಿತ್ರಗಳಲ್ಲಿ ಎಲ್ಲವೂ ಇದೆ, ಮನೆಗೆ ಬಂದು ಇನ್ನೊಬ್ಬರಿಗೆ ಹೇಳಲು ಮಾತ್ರ ಏನೂ ಇಲ್ಲ. ಹಿಂದಿನ ಚಿತ್ರಗಳಲ್ಲಿ ಜನರಿದ್ದರು. ಉದಾಹರಣೆಗೆ ಗಾಡಿ ಪಿಚ್ಚರಿನ ಕೊನೆಯ ದೃಶ್ಯ ಕೊಟ್ಟೆ. ಪತ್ರದಲ್ಲಿ ಚಿತ್ರದ ನಿಜವಾದ ಹೆಸರನ್ನೇ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಅದು ಯಾವಾಗಲೂ ಗಾಡಿ ಪಿಚ್ಚರ್. ಗಂಡನ ಮನೆಯವರು ಹೊರಗೆ ಹಾಕಿದ ಹೆಣ್ಣು ಎತ್ತಿನ ಗಾಡಿಯಲ್ಲಿ ತವರಿಗೆ ಹೊರಟಿರುತ್ತಾಳೆ. ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುತ್ತಾಳೆ. ತಿರುಗಿ ನಡೆದು ಅದೇ ಮನೆಯ ಕಣಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವನ ಕೈಯಿಂದ ಸೇರು ಕಿತ್ತುಕೊಂಡು ಜೋಳ ಅಳೆಯಲು ಕೂರುತ್ತಾಳೆ. ಯಾರೂ ಏಳು ಎನ್ನುವುದಿಲ್ಲ. ಇಡೀ ದೃಶ್ಯದಲ್ಲಿ ಹೊಡೆದಾಟವಿಲ್ಲ, ಹೊಗೆಯಿಲ್ಲ.

ಹೆಂಡತಿ ಶಶಿಕಲಾ ಪತ್ರ ಓದಿ ಕೇಳಿದಳು: "ಇಷ್ಟು ಬೈಕೊಂತ ಪ್ರತಿ ಐತವಾರ ಯಾಕ ಹೋಗ್ತೀರಿ? ಮನ್ಯಾಗ ಕುಂತು ಬೈರಿ, ಬಸ್ಸಿನ ಧೂಳಾದ್ರೂ ತಪ್ಪತದ."

ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದೆ.

ಸೆಪ್ಟೆಂಬರ್ 14, ಭಾನುವಾರ

ಪತ್ರ ಅಚ್ಚಾಗಿದೆ. ಎರಡು ವಾಕ್ಯ ತೆಗೆದಿದ್ದಾರೆ, ಕಣದ ದೃಶ್ಯವನ್ನು ಉಳಿಸಿದ್ದಾರೆ.

ಇಂದು ಚಿತ್ರಕ್ಕೆ ಹೋಗಲಿಲ್ಲ. ಪತ್ರಿಕೆ ಹಿಡಿದು ನೇರ ಮಾನ್ವಿಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಕಣದ ಭಾಗಕ್ಕೆ ಬಂದಾಗ ಅವ್ವ ಎಡಗೈಯಿಂದ ಸೆರಗು ಎಳೆದು ಬಾಯಿ ಮುಚ್ಚಿಕೊಂಡಳು. ಭುಜ ಅಲುಗಿತು. ಕಣ್ಣಲ್ಲಿ ನೀರು ಬಂತು.

"ಸಾಕು ಬಿಡೋ ತಮ್ಮಾ, ಅಳಾಕತ್ಯಾಳ ನೋಡು" ಎಂದಳು ಅಕ್ಕ.

ಹಳೆಯ ನೆನಪು ಕೆದಕಬಾರದಿತ್ತು. ಪತ್ರಿಕೆ ಮಡಚಿ ಚೀಲಕ್ಕೆ ಹಾಕಿದೆ.

ಅವ್ವನ ಪದ: ಒಂದು. ನೀರು.

ಸೆಪ್ಟೆಂಬರ್ 28, ಭಾನುವಾರ

ಎರಡು ವಾರ ನಾನು ಮಾಡಿದ್ದು ಪೂರ್ತಿ ತಪ್ಪು ಎಂದು ಇಂದು ಗೊತ್ತಾಯಿತು. ಹಳೆಯ ಪತ್ರಿಕೆಗಳಿಂದ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿದ್ದೆ: ಬಸ್ಸು, ಆಕಳು, ಟೊಮೆಟೊ, ಛತ್ರಿ, ಒಟ್ಟು ನಲವತ್ತು. ಒಂದೊಂದನ್ನೇ ಹಿಡಿದು "ಇದೇನವ್ವಾ?" ಎಂದು ಕೇಳುವುದು. ಇಂದು ಹನ್ನೊಂದನೆಯ ರಟ್ಟಿಗೆ ಅವ್ವ ಮುಖವನ್ನು ಗೋಡೆಗೆ ತಿರುಗಿಸಿ ಮಲಗಿದಳು.

ಅಕ್ಕ ಒಳಗಿನಿಂದ ಬಂದು ರಟ್ಟುಗಳನ್ನು ಕಸಿದುಕೊಂಡಳು. "ಪರೀಕ್ಷಾ ಹಚ್ಚೀಯೇನು ಆಕಿಗೆ? ಅಂಗನವಾಡಿ ಮಕ್ಕಳಿಗೂ ನಾನು ಇಷ್ಟು ಕಾಡಂಗಿಲ್ಲ. ಆಕಳು ಆಕಿಗೆ ಗೊತ್ತಿಲ್ಲೇನೋ? ಏನರ ಮಾತಾಡು ಆಕಿ ಜೋಡಿ. ಪಿಚ್ಚರ್ ಕಥಿ ಹೇಳು. ನಮ್ಮನ್ನ ಕಥಿ ಹೇಳೇ ಬೆಳೆಸ್ಯಾಳ."

ನಿಜ. ನಮ್ಮೂರು ನೀರಮಾನ್ವಿಯ ಹೊಲಗಳಲ್ಲಿ ಅವ್ವ ಕಳೆ ಕೀಳಲು ಹೋದಾಗ ಹನ್ನೆರಡು, ಹದಿನೈದು ಹೆಂಗಸರು ಒಂದೊಂದು ಸಾಲು ಹಿಡಿಯುತ್ತಿದ್ದರು. ನಡುವಿನ ಸಾಲು ಅವ್ವನದು, ಏಕೆಂದರೆ ಅವಳ ದನಿ ಎರಡೂ ಕಡೆ ಕೇಳಬೇಕು. ಮಾನ್ವಿಯಲ್ಲಿ ನೋಡಿದ ಸಿನಿಮಾವನ್ನು ಅವಳು ಸಾಲು ಸಾಲಾಗಿ ಹೇಳುವಳು. ಬದು ಮುಟ್ಟಿದಾಗ ಕಥೆ ನಿಲ್ಲುವುದು, ಅದೂ ಸರಿಯಾಗಿ ಬಾಗಿಲು ಬಡಿದ ಸದ್ದಿಗೋ ಪತ್ರ ಒಡೆಯುವ ಹೊತ್ತಿಗೋ. ಹಿಂದೆ ಬಿದ್ದವರು ಕೇಳಬೇಕೆಂದರೆ ಬೇಗ ಕೈ ಆಡಿಸಿ ಬದುವಿಗೆ ಬರಬೇಕು. ಎಲ್ಲರೂ ಬಂದು ಸೇರಿದ ಮೇಲೆಯೇ ಮುಂದಿನ ಸಾಲು, ಮುಂದಿನ ದೃಶ್ಯ. ಶಾಲೆಯ ರಜೆಯಲ್ಲಿ ನಾನೂ ಬದುವಿನ ಮೇಲೆ ಕುಳಿತು ಕೇಳಿದವನು.

ಹಾಗಾಗಿ ಇಂದು ಅಣೆಕಟ್ಟಿನ ಚಿತ್ರ ಹೇಳಲು ಕುಳಿತೆ. "ಒಬ್ಬ ಇರ್ತಾನವ್ವಾ. ಬರ್ತಾನ. ಹೊಡೀತಾನ." ಆಮೇಲೆ? ಮತ್ತೆ ಬರುತ್ತಾನೆ, ಮತ್ತೆ ಹೊಡೆಯುತ್ತಾನೆ. ಮೂರು ಗಂಟೆ ನಾಲ್ಕು ನಿಮಿಷದ ಚಿತ್ರ ಆರು ನಿಮಿಷಕ್ಕೆ ಮುಗಿಯಿತು. ಅವ್ವ ನಿದ್ದೆ ಹೋಗಿದ್ದಳು.

ಅವ್ವನ ಪದ: ಒಂದೂ ಇಲ್ಲ.

ಅಕ್ಟೋಬರ್ 3, ಶುಕ್ರವಾರ

ವಾಚಕರ ವಾಣಿಯಲ್ಲಿ ಸಿಂಧನೂರಿನ ಓದುಗರೊಬ್ಬರ ಪತ್ರ. "ಸೆಪ್ಟೆಂಬರ್ 14ರ ಪತ್ರದಲ್ಲಿ ದೇವದುರ್ಗದ ಅಂಬರೀಶ ಅವರು ವರ್ಣಿಸಿದ ಕಣದ ದೃಶ್ಯ ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಹಳೆಯದನ್ನು ಹೊಗಳುವ ಮುನ್ನ ಅದನ್ನು ನೋಡಿರಬೇಕು."

ಕಾಲೇಜಿನ ಗುಮಾಸ್ತ ಹಂಪಣ್ಣ ಪತ್ರಿಕೆ ಹಿಡಿದೇ ಗ್ರಂಥಾಲಯಕ್ಕೆ ಬಂದ. ಅವನು ದೊಡ್ಡ ಚಿತ್ರಗಳ ಕಟ್ಟಾ ಅಭಿಮಾನಿ. ಅಣೆಕಟ್ಟಿನದನ್ನು ಮೂರು ಸಲ ನೋಡಿದ್ದಾನೆ.

"ಏನ್ರಿ ಸರ, ನಿಮ್ಮ ಪಿಚ್ಚರಿನ ಡೈರೆಕ್ಟರ್ ಯಾರ್ರಿ? ನೀವಾ?"

"ಅವರಿಗೆ ನೆನಪಿಲ್ಲ. ನನಗ ಅದ" ಎಂದೆ.

"ಹಂಗಾರ ನಮ್ಮ ಹೀರೋನ ಯಾಕ ಬೈತೀರಿ? ಅವ್ನು ಪಾಪ ಇರೋ ಪಿಚ್ಚರ್‌ನ್ಯಾಗರ ನಡೀತಾನ."

ಗ್ರಂಥಾಲಯದಲ್ಲಿದ್ದವರೆಲ್ಲ ನಕ್ಕರು.

ಅಕ್ಟೋಬರ್ 4, ಶನಿವಾರ

ಚಿತ್ರ ಮೊಬೈಲಿನಲ್ಲಿ ಸಿಕ್ಕಿತು. ಕಾಲೇಜು ಬಿಟ್ಟ ಮೇಲೆ ಪೂರ್ತಿ ನೋಡಿದೆ. ಗಾಡಿ ಇದೆ, ಹೊಳೆ ಇದೆ. ಹೆಣ್ಣು ಹೊಳೆಯ ದಂಡೆಯಲ್ಲಿ ಇಳಿಯುತ್ತಾಳೆ. ಒಂದು ಮರದ ಕೆಳಗೆ ಕುಸಿಯುತ್ತಾಳೆ. ಗಂಡ ಓಡಿ ಬರುತ್ತಾನೆ. ಅವನ ತೊಡೆಯ ಮೇಲೆ ತಲೆಯಿಟ್ಟು, ಅವನ ಪಾದದ ಧೂಳು ಹಣೆಗೆ ಹಚ್ಚಿಕೊಂಡು ಸಾಯುತ್ತಾಳೆ.

ಕಣ ಇಲ್ಲ. ಜೋಳ ಇಲ್ಲ. ಸೇರು ಇಲ್ಲ.

ಕೊನೆಯ ಹತ್ತು ನಿಮಿಷ ಎರಡನೆಯ ಸಲ ನೋಡಿದೆ.

ಪುಸ್ತಕದ ಮೊದಲ ಪುಟ ತೆಗೆದೆ. ಒಂದರಿಂದ ಮೂವತ್ತೊಂದರವರೆಗೆ ಎಲ್ಲ ಒಂದೇ ದಿನ, ಒಂದೇ ಶಾಯಿಯಲ್ಲಿ ಬರೆದದ್ದು. ಎಂಟನೇ ತರಗತಿಯಲ್ಲಿ ಪುಸ್ತಕ ಶುರು ಮಾಡಿದಾಗ ಅಲ್ಲಿಯವರೆಗಿನದನ್ನು ನೆನಪಿನಿಂದ ಬರೆದಿದ್ದೆ. ಗಾಡಿ ಪಿಚ್ಚರ್ ನಾಲ್ಕನೆಯದು. ಆ ಮೂವತ್ತೊಂದರಲ್ಲಿ ನಾನು ಕಣ್ಣಾರೆ ನೋಡಿದ್ದು ಎಷ್ಟು? ಖಚಿತವಾಗಿ ಹೇಳಬಲ್ಲದ್ದು ಎರಡು. ಉಳಿದವು ಬದುವಿನ ಮೇಲೆ ಕುಳಿತು ಕೇಳಿದವು. ಕೇಳಿದ್ದನ್ನು ನೋಡಿದ್ದು ಎಂದು ಬರೆದಿದ್ದೇನೆ. ಮೂವತ್ತೆರಡು ವರ್ಷದಿಂದ ಹಾಗೇ ಇದೆ.

ತಿದ್ದುಪಡಿ ಪತ್ರ ಕಳಿಸಬೇಕು. ಇನ್ನೂ ಬರೆದಿಲ್ಲ.

ಅಕ್ಟೋಬರ್ 12, ಭಾನುವಾರ

ಮಾನ್ವಿಗೆ ಹೋದಾಗ ಮಹಬೂಬೀ ಬಂದಿದ್ದಳು. ನೀರಮಾನ್ವಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯವಳು, ಕಳೆಯಲ್ಲಿ ಯಾವಾಗಲೂ ಅವ್ವನ ಪಕ್ಕದ ಸಾಲು, ಸಿನಿಮಾಕ್ಕೂ ಜೊತೆ. ಅವ್ವನ ಮಂಚದ ಪಕ್ಕ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಪತ್ರದ ಕಥೆಯನ್ನೆಲ್ಲ ಹೇಳಿದೆ. ಹಂಪಣ್ಣನ ಮಾತನ್ನೂ ಬಿಡಲಿಲ್ಲ.

ಮಹಬೂಬೀ ಎಲೆ ಕೆಳಗಿಟ್ಟು ನಗತೊಡಗಿದಳು. "ಯಾ ಅಲ್ಲಾ! ಪೇಪರಿಗೆ ಬರದಿ ಏನೋ ಇದನ್ನ? ಏ ಹುಚ್ಚಾ, ನಮ್ಮ ಮಾನಿ, ನಿಮ್ಮವ್ವ, ಕಡೀತನಕ ಒಂದ್ ಪಿಚ್ಚರಾದ್ರೂ ನೋಡ್ಯಾಳೇನು?"

"ಅಂದ್ರ?"

"ಎರಡರ ಆಟಕ್ಕ ಕುಂದರ್ತಿದ್ವಿ. ಇಂಟರ್ವಲ್ ಆಗಿ ನಾಕು ಸೀನು ಆತಂದ್ರ ಏಳೋದು. ಊರಿಗೆ ನಡಕೊಂತ ಹೋಗಬೇಕು, ರೊಟ್ಟಿ ಬಡೀಬೇಕು, ನಿಮ್ಮಪ್ಪ ತಾಯಣ್ಣ ಬರೋದ್ರೊಳಗ ಒಲಿ ಹತ್ತಿರಬೇಕು. ಕಡೀತನಕ ಕುಂತೀವಿ ಅಂದ್ರ ಮುಂದಿನ ವಾರ ಯಾರು ಬಿಡ್ತಾರ?"

"ಮತ್ತ ಉಳಿದದ್ದು?"

"ಹಾದ್ಯಾಗ ಕಟ್ತಿದ್ಲು. ಊರು ಮುಟ್ಟೋದ್ರಾಗ ಪಿಚ್ಚರ್ ಮುಗೀತಿತ್ತು. ಒಮ್ಮೆ ನಾನೇ ಅಂದೆ, ಏ ಮಾನಿ, ಆ ಗಾಡಿ ಹೆಂಗಸು ಸಾಯ್ತಾಳಂತ, ಮಾನ್ವ್ಯಾಗ ಯಾರೋ ಹೇಳಿದ್ರು ಅಂತ. ಅದಕ್ಕ ನಿಮ್ಮವ್ವ ಏನಂದ್ಲು ಗೊತ್ತದೇನು? ಸಾಯೋ ಕಥಿ ಹೇಳಿದ್ರ ಕಳಿ ಕೀಳೋರ ಕೈ ನಿಂದರ್ತಾವ. ಬದುಕಲಿ ಬಿಡು ಆಕಿ, ಜ್ವಾಳ ಅಳೀಲಿ ಅಂದ್ಲು!"

ನಾನು ಅವ್ವನ ಕಡೆ ನೋಡಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಅಲುಗುತ್ತಿತ್ತು, ಕಣ್ಣಲ್ಲಿ ನೀರು. ಮಹಬೂಬೀ ಸೆರಗು ಎಳೆದಳು. ಬಾಯಿಯ ಎಡಭಾಗ ಮಾತ್ರ ಮೇಲಕ್ಕೆ ಹೋಗಿತ್ತು. ಅವ್ವ ನಗುತ್ತಿದ್ದಳು.

ಹಾಗಾದರೆ ಸೆಪ್ಟೆಂಬರ್ 14ರಂದೂ ಅವಳು ಅತ್ತಿರಲಿಲ್ಲ. ಅಂದಿನ ಬರಹದಲ್ಲಿ ನಾನು ತಪ್ಪಾಗಿ ದಾಖಲಿಸಿದ್ದೇನೆ.

ಅವ್ವನ ಪದ: ಮೂರು. ಹ್ಞೂಂ. ಮಾಬೂ. ಜ್ವಾಳ.

ಅಕ್ಟೋಬರ್ 13, ಸೋಮವಾರ

ತಿದ್ದುಪಡಿ ಕಳಿಸಿದೆ. "ಆ ದೃಶ್ಯ ಚಿತ್ರದಲ್ಲಿಲ್ಲ. ಸಿಂಧನೂರಿನ ಓದುಗರು ಹೇಳಿದ್ದು ಸರಿ. ಅದು ನನ್ನ ತಾಯಿ ಮಾನಮ್ಮ ಕಟ್ಟಿದ್ದು." ಇಷ್ಟೇ.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಇಷ್ಟು ವರ್ಷ ನಾನು ಪ್ರತಿ ಹೊಸ ಚಿತ್ರವನ್ನು ಅಳೆದದ್ದು ಆ ಮೊದಲ ಪುಟದ ಜೊತೆ. ಆ ಪುಟದ ಇಪ್ಪತ್ತೊಂಬತ್ತು ಚಿತ್ರಗಳ ಉತ್ತರಾರ್ಧವನ್ನು ಯಾವ ಕಂಪನಿಯೂ ತೆಗೆದಿಲ್ಲ.

ಆದರೂ ಅಣೆಕಟ್ಟಿನ ಚಿತ್ರ ಕೆಟ್ಟದ್ದೇ.

ಅಕ್ಟೋಬರ್ 26, ಭಾನುವಾರ

ರಾಯಚೂರು, ಬೆಳಗಿನ ಆಟ. ಹೊಸ ಚಿತ್ರ, ಹಡಗುಗಳದ್ದು, ಈ ವರ್ಷದ ಅತಿ ದೊಡ್ಡದು ಎಂಬ ಜಾಹೀರಾತು. ಬಂದರಿನ ಊರು. ಮಗ ದೂರದ ಕೋಟೆಗೆ ಹೊರಡುತ್ತಾನೆ, ತಂದೆಯ ಸೇಡು ತೀರಿಸಲು. ತಾಯಿ ಹೊಸ್ತಿಲಲ್ಲಿ ದೀಪ ಹಿಡಿದು ನಿಲ್ಲುತ್ತಾಳೆ. ಆಮೇಲೆ ನಲವತ್ತು ನಿಮಿಷ ಸಮುದ್ರ ಮತ್ತು ಬೆಂಕಿ. ಇಂಟರ್ವಲ್ ಹೊತ್ತಿಗೆ ಖಳರು ತಾಯಿಯನ್ನು ಹಿಡಿದು ತಂದು ಕೋಟೆಯ ಕಂಬಕ್ಕೆ ಕಟ್ಟಿರುತ್ತಾರೆ.

ದೀಪ ಹತ್ತಿತು. ಇಂಟರ್ವಲ್ ಮುಗಿದು ನಾಲ್ಕು ದೃಶ್ಯ ನೋಡಿ ಎದ್ದೆ. ಬಾಗಿಲಲ್ಲಿದ್ದಾತ ಕೇಳಿದ, "ಸರ, ಪಿಚ್ಚರ್ ಇನ್ನಾ ಅರ್ಧ ಅದರಿ. ಅಷ್ಟು ಕೆಟ್ಟದೇನು?"

"ಇಲ್ಲಪ್ಪ. ಇಷ್ಟು ಸಾಕು" ಎಂದೆ. 1,143 ಚಿತ್ರಗಳಲ್ಲಿ ಅರ್ಧಕ್ಕೆ ಎದ್ದದ್ದು ಇದೇ ಮೊದಲು.

ಮಾನ್ವಿಗೆ ಎರಡು ಗಂಟೆಗೆಲ್ಲ ತಲುಪಿದೆ. ದಾರಿಯುದ್ದಕ್ಕೂ ಹತ್ತಿ ಬಿಡಿಸುತ್ತಿದ್ದರು. ಒಂದು ಹೊಲದಲ್ಲಿ ನಡುವಿನ ಸಾಲಿನವಳು ಕೈ ಎತ್ತಿ ಏನೋ ಹೇಳುತ್ತಿದ್ದಳು, ಬಸ್ಸು ದಾಟಿಹೋಯಿತು. ಮಹಬೂಬೀ ಬಂದಿದ್ದಳು. ಅಕ್ಕ ಅಂಗಳದಲ್ಲಿ ಚಾಪೆ ಹಾಸಿ ಹಸಿ ಶೇಂಗಾ ಸುರಿದಳು. ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದೆವು, ಎಲ್ಲರ ನಡುವೆ. ಹೊಲದ ಸಾಲು ಇಲ್ಲವಲ್ಲ ಎಂದು ನಾನು ಶೇಂಗಾವನ್ನು ಗುಂಪು ಮಾಡಿದೆ. ಒಂದು ಗುಂಪು ಬಿಡಿಸಿದರೆ ಒಂದು ದೃಶ್ಯ.

ಎರಡನೇ ಗುಂಪಿನಲ್ಲೇ ಮಹಬೂಬೀ ಅಡ್ಡ ಬಂದಳು. "ಅವ್ವ ಅವ್ವ ಅಂತೀ. ಹೆಸರೇನು ಆಕಿದು?"

ಯೋಚಿಸಿದೆ. ಚಿತ್ರದಲ್ಲಿ ಆ ಹೆಂಗಸನ್ನು ಎಲ್ಲರೂ 'ತಾಯೇ' ಎನ್ನುತ್ತಾರೆ. ಹೆಸರು ಇಟ್ಟೇ ಇಲ್ಲ.

"ಹೆಸರಿಲ್ಲ" ಎಂದೆ.

"ಹೆಸರಿಲ್ಲದ ಹೆಂಗಸು ಎಲ್ಲಿರ್ತಾಳೋ?"

ಆಗ ಅವ್ವ ಬಾಯಿ ತೆರೆದಳು. ತುಟಿ ಎರಡು ಸಲ ಕೂಡಿ ಬಿಟ್ಟವು. "ಹುಲ್... ಹುಲಿ... ಗೆಮ್ಮ."

ಅಕ್ಕನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. ಯಾರೂ ಕೇಳದ, ಯಾವ ರಟ್ಟಿನ ಮೇಲೂ ಇಲ್ಲದ ಪದ. ಮಹಬೂಬೀ ಮಾತ್ರ ಏನೂ ಆಗದವಳಂತೆ, "ಹಾಂ, ಹುಲಿಗೆಮ್ಮ. ಮುಂದ ಹೇಳೋ" ಎಂದಳು. ನಾನು ಹೇಳಿದೆ. ಹುಲಿಗೆಮ್ಮನನ್ನು ಕಂಬಕ್ಕೆ ಕಟ್ಟಿದರು. ಮಗ ಇನ್ನೂ ಸಮುದ್ರದಲ್ಲಿದ್ದಾನೆ. ಕೊನೆಯ ಗುಂಪು ಮುಗಿಯಿತು. ಕಥೆ ನಿಲ್ಲಿಸಿದೆ.

"ಆ... ಮ್ಯಾಲೆ?" ಅವ್ವ.

"ಗೊತ್ತಿಲ್ಲವ್ವಾ. ನಾನೂ ಎದ್ದು ಬಂದೆ."

ಅವ್ವ ನನ್ನನ್ನು ನೋಡಿದಳು. ಆಮೇಲೆ ಮಹಬೂಬೀಯನ್ನು ನೋಡಿದಳು. ಎಡಗೈ ಬಾಯಿಯ ಹತ್ತಿರ ಹೋಯಿತು. ಹಲ್ಲು ತೋರಿಸಿದಳು.

"ಹಗ್ಗ. ಕಚ್... ಕಚ್ತಾಳ."

"ಶಾಬಾಶ್!" ಎಂದು ಮಹಬೂಬೀ ಚಾಪೆ ತಟ್ಟಿದಳು. "ಮಗನ ದಾರಿ ಯಾಕ ಕಾಯ್ಬೇಕು?"

ಅವ್ವನ ಪದ: ಆರೋ ಏಳೋ. ಸರಿಯಾಗಿ ಎಣಿಸಲಿಲ್ಲ.

ನವೆಂಬರ್ 9, ಭಾನುವಾರ

ಹುಲಿಗೆಮ್ಮ ಎರಡು ವಾರದಲ್ಲಿ ಹಗ್ಗ ಕಚ್ಚಿ, ಕೋಟೆಯ ಅಡುಗೆಮನೆಗೆ ಹೋಗಿದ್ದಾಳೆ. ಅಲ್ಲಿ ರೊಟ್ಟಿ ಬಡಿಯುವ ಹೆಂಗಸರಿದ್ದಾರಂತೆ. ಇದು ಅವ್ವನಿಂದ ತುಂಡು ತುಂಡಾಗಿ ಬಂದದ್ದು. ನಡುವಿನ ಖಾಲಿ ಜಾಗಕ್ಕೆ ನಾವು ಪ್ರಶ್ನೆ ಹಾಕುತ್ತೇವೆ, ಅವಳು 'ಹ್ಞೂಂ' ಅಥವಾ 'ಬ್ಯಾಡ' ಎನ್ನುತ್ತಾಳೆ. ಬ್ಯಾಡ ಎನ್ನುವುದೇ ಜಾಸ್ತಿ. ನಾನು ಖಡ್ಗ ಕೊಡೋಣವೇ ಎಂದೆ. "ಬ್ಯಾಡ." ಕುದುರೆ? "ಬ್ಯಾಡ." ಅಕ್ಕ ಹೇಳಿದಳು, "ಪಿಚ್ಚರ್ ನೋಡಿ ನೋಡಿ ನೀನೂ ಆ ಪಿಚ್ಚರಿನೋರಂಗೇ ಆಗೀದಿ ನೋಡು."

ಓಣಿಯ ಇಬ್ಬರು ಹೆಂಗಸರು ತಮ್ಮ ಮನೆಯ ಶೇಂಗಾ ತಂದು ನಮ್ಮ ಅಂಗಳದಲ್ಲೇ ಬಿಡಿಸಿದರು.

ನವೆಂಬರ್ 18, ಮಂಗಳವಾರ

ಹಂಪಣ್ಣ ಗ್ರಂಥಾಲಯಕ್ಕೆ ಬಂದು ಹಡಗಿನ ಚಿತ್ರದ ಕೊನೆ ಹೇಳಿದ. ಮಗ ಬರುತ್ತಾನೆ, ಕೋಟೆ ಉರುಳುತ್ತದೆ, ತಾಯಿ ಮಗನ ತೊಡೆಯ ಮೇಲೆ ಸಾಯುತ್ತಾಳೆ.

"ನಮ್ಮ ಮನ್ಯಾಗ ಹಂಗಾಗಿಲ್ಲ" ಎಂದೆ. ಹುಲಿಗೆಮ್ಮನ ಕಥೆ ಹೇಳಿದೆ. ಹಂಪಣ್ಣ ಕುರ್ಚಿ ಎಳೆದು ಕುಳಿತ. ಹುಡುಗಾಟವೆಲ್ಲ ಬಿಟ್ಟು ಕೇಳಿದ. ಅಡುಗೆಮನೆಯ ತನಕ ಹೇಳಿ ನಿಲ್ಲಿಸಿದೆ, ಅಲ್ಲಿಯವರೆಗೇ ಬಂದಿರುವುದು.

"ಆಮ್ಯಾಲೇನ್ರಿ ಸರ?"

"ಐತವಾರ ಗೊತ್ತಾಗ್ತದ."

ಬುಧವಾರ, ಗುರುವಾರ ಎರಡೂ ದಿನ ಬಂದು ಕೇಳುವವನಂತೆ ಕಾಣುತ್ತಾನೆ.

ನವೆಂಬರ್ 30, ಭಾನುವಾರ

ಬೆಳಿಗ್ಗೆ ಅವ್ವನನ್ನು ರಾಯಚೂರಿಗೆ ಉಮಾದೇವಿಯವರ ಬಳಿ ಕರೆದೊಯ್ದಿದ್ದೆವು. ಎಣಿಕೆಯ ಹಾಳೆ ಕೇಳಿದರು. ನವೆಂಬರ್ ತಿಂಗಳು ಪೂರ್ತಿ ಖಾಲಿ ಇತ್ತು. ಮರೆತೆ ಎಂದೆ. ಅವರು ಅವ್ವನ ಜೊತೆ ಅರ್ಧ ಗಂಟೆ ಕುಳಿತು ಹೊರಗೆ ಬಂದು, "ಹುಲಿಗೆಮ್ಮ ಯಾರ್ರಿ? ನಿಮ್ಮ ಸಂಬಂಧಿಕರಾ?" ಎಂದು ಕೇಳಿದರು. ಬಲಗೈ ಇನ್ನೂ ನಿಧಾನ, ಮಾತು ತಡವರಿಸುತ್ತದೆ, ಪೂರ್ತಿ ಮೊದಲಿನಂತಾಗುತ್ತದೆ ಎಂದು ಹೇಳಲಾಗುವುದಿಲ್ಲ, ಆದರೆ ದಾರಿ ಸರಿಯಾಗಿದೆ ಎಂದರು.

ಮಾನ್ವಿಗೆ ಮರಳಿ, ಮಧ್ಯಾಹ್ನ ಅಂಗಳದಲ್ಲಿ ಕಥೆ ಮುಗಿಯಿತು. ಹುಲಿಗೆಮ್ಮ ಮತ್ತು ಅಡುಗೆಯ ಹೆಂಗಸರು ಕೋಟೆಯ ಒಲೆಗಳನ್ನೆಲ್ಲ ಆರಿಸಿ, ಅಟ್ಟದ ಹಿಟ್ಟು ಹೊತ್ತುಕೊಂಡು ಹಡಗಿಗೆ ನಡೆದರು. ಸೈನಿಕರಿಗೆ ರೊಟ್ಟಿ ಇಲ್ಲ. ಮೂರನೇ ದಿನ ಕೋಟೆಯ ಬಾಗಿಲು ತಾನೇ ತೆರೆಯಿತು. ಮಗ ಬಂದು ಮುಟ್ಟಿದಾಗ ತಾಯಿ ಹಡಗಿನಲ್ಲಿ ಒಲೆ ಹೂಡಿ ಕುಳಿತಿದ್ದಳು. "ಉಂಡ್... ಉಂಡೇನು?" ಎಂದು ಕೇಳಿದಳಂತೆ. ಅಷ್ಟೇ ಕೊನೆ. ಇದಕ್ಕೆ ಅಂಗಳದಲ್ಲಿದ್ದ ಒಂಬತ್ತು ಜನರಲ್ಲಿ ಮೂವರು ಕಣ್ಣು ಒರೆಸಿಕೊಂಡರು, ಅದರಲ್ಲಿ ನಾನೂ ಒಬ್ಬ.

ಪುಸ್ತಕದಲ್ಲಿ 1,143ರ ಮುಂದೆ ಅಭಿಪ್ರಾಯದ ಜಾಗ ಖಾಲಿ ಬಿಟ್ಟಿದ್ದೆ. ಈಗ ತುಂಬಿದೆ: "ಮೊದಲರ್ಧ ರಾಯಚೂರು. ಉಳಿದರ್ಧ ಮಾನ್ವಿ, ಮಾನಮ್ಮ. ಚೆನ್ನಾಗಿದೆ." ಮೊದಲ ಪುಟವನ್ನೂ ತಿದ್ದಿದೆ. ಮೂವತ್ತೊಂದರಲ್ಲಿ ಯಾವುದನ್ನೂ ಹೊಡೆದುಹಾಕಲಿಲ್ಲ. ಇಪ್ಪತ್ತೊಂಬತ್ತರ ಪಕ್ಕದಲ್ಲಿ ಅವಳ ಹೆಸರು ಬರೆದೆ.

ದೊಡ್ಡ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ. ಮುಂದಿನ ವಾರ ಇನ್ನೊಂದು ಬರುತ್ತಿದೆ, ಮರುಭೂಮಿಯದು, ಎರಡು ಮುಕ್ಕಾಲು ಗಂಟೆ. ಜಾಹೀರಾತಿನಲ್ಲಿ ನೀರು ಹೊತ್ತ ಒಬ್ಬ ಮುದುಕಿ ಅರೆಕ್ಷಣ ಕಾಣುತ್ತಾಳೆ. ಅವಳ ಹೆಸರನ್ನು ಅವರು ಖಂಡಿತ ಇಟ್ಟಿರುವುದಿಲ್ಲ. ಟಿಕೆಟ್ ಮುಂಚೆಯೇ ತೆಗೆಸಿದ್ದೇನೆ, ಬಾಗಿಲ ಪಕ್ಕದ ಕುರ್ಚಿ, ಏಳಲು ಅನುಕೂಲ.

ಹೊರಡುವಾಗ ಅವ್ವನ ಕಾಲು ಮುಟ್ಟಿದೆ. ಅವ್ವ ಎಡಗೈಯಿಂದ ನನ್ನ ಅಂಗಿಯ ತೋಳು ಹಿಡಿದಳು. ಮಾತು ಹುಡುಕಿದಳು. ನಾನು ಕಾದೆ.

"ಹೋಗು ಯಪ್ಪಾ. ನೋಡು." ಉಸಿರು ಎಳೆದುಕೊಂಡಳು. "ಅರ್ಧ ಅಷ್ಟೇ."